ಶಾಂತಾಳ ಅರ್ಧ ಸ್ವೆಟರುಗಳು

ದಸರಾಕ್ಕೆ ಮನೆ ಸ್ವಚ್ಛ ಮಾಡಲು ನಿಂತವಳು ನಿನ್ನೆ ಟ್ರಂಕಿನ ಮುಚ್ಚಳ ತೆಗೆದೆ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಕೈ ಹಾಕಿದ್ದೇ ತಡ, ಹೆಣೆಯುವ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ‘ಈ ಶಾಂತಾ ಒಬ್ಬಾಕಿ!’ ಎಂದು ಹಲ್ಲು ಕಡಿದೆ.

ಶಾಂತಾ ನನ್ನ ನಾದಿನಿ. ಕುಷ್ಟಗಿಗೆ ಕೊಟ್ಟಿದ್ದೇವೆ, ಈಗ ಅವಳ ತಲೆಯೂ ನರೆತಿದೆ. ಟ್ರಂಕು ನನ್ನದು, ಅದರಲ್ಲಿ ಎಷ್ಟೋ ವರ್ಷ ತುಂಬಿಕೊಂಡಿದ್ದದ್ದು ಅವಳ ಸಾಮಾನು. ತೋಳಿಲ್ಲದ ಸ್ವೆಟರು, ಹಿಂಬದಿ ಇಲ್ಲದ ಕೂಸಿನ ಕುಂಚಿಗೆ, ಒಂಟಿ ಕಾಲುಚೀಲ. ನಮ್ಮ ಬಿಸಿಲಿಗೆ ಇವೆಲ್ಲ ಯಾರಿಗೆ ಬೇಕಾಗಿದ್ದವೋ ದೇವರೇ ಬಲ್ಲ. ನಮ್ಮ ಗಿಣಿಗೇರಾದಲ್ಲಿ ಮನೆ ಚೊಕ್ಕಟ ಇಡುವುದೆಂದರೇನೆಂದು ಗೊತ್ತಿಲ್ಲದಿದ್ದರೆ ಒಮ್ಮೆ ಬನ್ನಿ. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಕಾರ್ಖಾನೆಯ ಕರಿ ಧೂಳು. ಅಂಥಲ್ಲಿಗೆ ಈಕೆ ಬಿಳಿ ಉಲ್ಲನ್ನೇ ತರುತ್ತಾಳೆ!

ನಮ್ಮ ಅತ್ತೆ ಇದ್ದಾಗ ತಾಯಿ ಎರಡೂ ಕೈಗೆ ಉಲ್ಲನ್ನಿನ ಲಡಿ ಹಾಕಿಕೊಂಡು, ಮಗಳು ಉಂಡೆ ಸುತ್ತುತ್ತ, ಪಡಸಾಲೆಯಲ್ಲಿ ಕೂತರೆ ಏಳುವ ಮಾತೇ ಇಲ್ಲ. ಊಟಕ್ಕೆ ಕರೆದರೆ, “ಇದೊಂದ್ ಸಾಲು, ತಡೀರಿ ವೈನಿ.” ಆ ಸಾಲು ಮುಗಿಯುತ್ತಿರಲಿಲ್ಲ, ನನ್ನ ರೊಟ್ಟಿ ಆರುತ್ತಿತ್ತು. ಊರಿಗೆ ಹೊರಟಾಗ, ಇದನ್ನೂ ಒಯ್ಯಿ ಮಾರಾಯ್ತಿ ಎಂದರೆ, “ಅಯ್ಯ, ತವರಾಗ ಹಿಡದದ್ದು ತವರಾಗ ಮುಗೀಬೇಕ್ರಿ” ಎನ್ನುವಳು. ಅತ್ತೆ ತೀರಿದ ಮೇಲೂ ಅದೇ ಚಾಳಿ.

ಹೋದ ದಸರಾಕ್ಕೆ ನನ್ನ ತಲೆ ಕೆಟ್ಟುಹೋಯಿತು. ಹೆಣೆಯುವುದು ನನಗೂ ಬರುತ್ತದೆ. ಹಟ ಹಿಡಿದು ಕೂತು ಎಲ್ಲ ಮುಗಿಸಿ, ಒಗೆದು, ಕುಷ್ಟಗಿಗೆ ಹೊರಟಿದ್ದ ನಮ್ಮ ಮನೆಯವರ ಕೈಯಲ್ಲಿ ಕಳಿಸಿದೆ. ಖಾಲಿ ಟ್ರಂಕು ಕಂಡು ನನಗೆ ಹಬ್ಬ ಅವತ್ತೇ ಬಂದಿತ್ತು. ಶಾಂತಾ ಶಹಬ್ಬಾಸ್ ಅನ್ನುತ್ತಾಳೆಂದು ಬೇರೆ ಕಾದೆ, ನನ್ನ ಹುಚ್ಚು. ಸಂಜೆ ಫೋನು ಬಂತು.

“ಎಲ್ಲಾ ಮುಗಿಸಿಬಿಟ್ರೇನ್ರಿ ವೈನಿ?”

“ಹೂಂ ಮತ್ತ! ಭಾಳ ಛಲೋ ಆಗ್ಯಾವ, ಹೌದಿಲ್ಲೋ?”

“ಅವ್ವನೂ ಇಲ್ಲ. ಇನ್ನ ಯಾವ ನೆವಾ ಮಾಡ್ಕೊಂಡು ಬರ್ಲಿ?”

ನನಗೆ ಸಿಟ್ಟು ಬಂತು. ಹುಟ್ಟಿದ ಮನೆಗೆ ಬರಲು ನೆವ ಬೇಕೇ? ಇಷ್ಟು ವರ್ಷ ಬಾಯಿಬಿಟ್ಟು ಹೇಳಲು ಏನಾಗಿತ್ತು ಇವಳಿಗೆ? “ನಾ ಹೆಣದ ತೋಳು ಒಂದು ಉದ್ದ, ಒಂದು ಗಿಡ್ಡ ಆಗೈತಿ. ನೀನ ತಗೊಂಡು ಬಂದು ಬಿಚ್ಚು!” ಎಂದು ಗದರಿದೆ. ಮರುದಿನವೇ ಬಂದಳು, ಕೈಚೀಲದ ತುಂಬ ಹೊಸ ಉಲ್ಲನ್ ತಗೊಂಡು. ಅದೂ ಬಿಳಿಯದೇ!

ಆ ಉಲ್ಲನ್ನಿನಲ್ಲಿ ಹಿಡಿದ ಸ್ವೆಟರೇ ನಿನ್ನೆ ನನಗೆ ಚುಚ್ಚಿದ್ದು. ಮಡಿಕೆ ಬಿಡಿಸಿ ನೋಡಿದರೆ ಎರಡೇ ಸಾಲು ಬಾಕಿ. ಕೈ ತುರಿಸಿತು ನೋಡಿ! ತಡೆದುಕೊಂಡೆ. ಟ್ರಂಕು ಒರೆಸಿ, ಸೂಜಿ ಸಮೇತ ಒಳಗಿಟ್ಟು, ಫೋನು ಹಚ್ಚಿದೆ.

“ಏನವಾ, ಹಬ್ಬಕ್ಕ ಬಂದು ಇದನ್ನ ಮುಗಸ್ತೀಯೋ ಇಲ್ಲೋ?”

“ಬರ್ತೀನ್ರಿ ವೈನಿ,” ಎಂದಳು. “ಮುಗಸೂದು ಮಾತ್ರ ಹೇಳಾಕ ಬರಂಗಿಲ್ಲ.”