ಕಡಜದ ಐದನೇ ಗಡಿಗೆ

ಗಡಿಯಾರ ರಿಪೇರಿಯವನ ಕೈಗೆ ಕ್ಯಾಮೆರಾ ಸಿಕ್ಕಿದ ದಿನದಿಂದ ಆ ಬೀದಿಯ ಹುಳಹುಪ್ಪಟೆಗಳಿಗೆ ನೆಮ್ಮದಿ ಇರಲಿಲ್ಲ. ಅವನು ಯಾರ ಬಳಿಯೂ ಕಲಿತವನಲ್ಲ. ಹಳೆಯ ಲೆನ್ಸನ್ನು ಹಿಂದುಮುಂದು ಮಾಡಿ ಟೇಪು ಸುತ್ತಿದರೆ ಇರುವೆಯ ಮೀಸೆ ಪೊರಕೆಕಡ್ಡಿಯಷ್ಟು ದಪ್ಪ ಕಾಣುತ್ತದೆಂದು ತಾನೇ ಕಂಡುಕೊಂಡ. ಅಂದಿನಿಂದ ತನ್ನನ್ನು ‘ಪ್ರಕೃತಿಯ ಸೇವಕ’ ಎಂದು ಕರೆದುಕೊಂಡ. ನಾದಿನಿ ‘ಹುಳದ ಭಾವ’ ಎಂದಳು. ಬೀದಿಯಲ್ಲಿ ನಿಂತದ್ದು ನಾದಿನಿ ಇಟ್ಟ ಹೆಸರೇ.

ಸೇವಕನಿಗೆ ಒಂದು ಪದ್ಧತಿಯಿತ್ತು. ಹುಳ ಹೇಳಿದಂತೆ ಕೂರುವುದಿಲ್ಲವಲ್ಲ? ಡಬ್ಬಿಯಲ್ಲಿ ಹಿಡಿದು ಐದು ನಿಮಿಷ ಫ್ರೀಜರಿನಲ್ಲಿಟ್ಟರೆ ಚಳಿಗೆ ಮರಗಟ್ಟಿ ವಿನಯ ಕಲಿಯುತ್ತದೆ. ಗಡಿಯಾರದ ಚಿಮಟದಿಂದ ಎತ್ತಿ ಎಲೆಯ ಮೇಲೆ ಕೂರಿಸಿ, ಗ್ಲಿಸರಿನ್ ಬೆರೆಸಿದ ನೀರು ಚಿಮುಕಿಸಿದರೆ ಮಧ್ಯಾಹ್ನ ಮೂರು ಗಂಟೆಗೂ ಮುಂಜಾನೆಯ ಇಬ್ಬನಿ ಸಿದ್ಧ. ಹುಳಕ್ಕೆ ಎಚ್ಚರವಾಗುವಷ್ಟರಲ್ಲಿ ಇಪ್ಪತ್ತು ಫೋಟೊ. ಹೆಚ್ಚಿನವು ಬದುಕಿ ಹಾರಿಹೋಗುತ್ತಿದ್ದವು. ಉಳಿದವುಗಳ ಬಗ್ಗೆ ಅವನು ಮಾತಾಡುತ್ತಿರಲಿಲ್ಲ.

ಹೆಂಡತಿ ಸೊಂಟದ ಮೂಳೆ ಮುರಿದುಕೊಂಡದ್ದೂ ಈ ಸೇವೆಯಲ್ಲೇ. ಬಸವನಹುಳುವಿಗೆ ಬೆಳಕು ಸಾಲದೆಂದು ಸ್ಟೂಲಿನ ಮೇಲೆ ನಿಂತು ಬಿಳಿ ಬೆಡ್‌ಶೀಟು ಎತ್ತಿ ಹಿಡಿದಿದ್ದಳು. ಸ್ಟೂಲು ಜಾರಿತು. “ರೀ!” ಎಂದು ಚೀರಿದಾಗ ಅವನು, “ಒಂದ್ನಿಮಿಷ ಇರೇ, ಈಗ ಕೊಂಬು ಹೊರಗೆ ಬರ್ತಾ ಇದೆ” ಎಂದ. ಕೊಂಬು ಬಹಳ ಚೆನ್ನಾಗಿ ಬಂತು.

ಎರಡು ತಿಂಗಳಿಂದ ಅವಳು ಹಿಂದಿನ ಕೋಣೆಯಲ್ಲಿ ಅಂಗಾತ ಬಿದ್ದಿದ್ದಳು. ಅವಳಿಗೆ ಉಳಿದಿದ್ದದ್ದು ಮಂಚದ ಪಕ್ಕದ ಕಿಟಕಿಯೊಂದೇ. ಅದರ ಚೌಕಟ್ಟಿಗೆ ಒಂದು ಕಡಜ ಮಣ್ಣುಂಡೆ ತಂದು ಬೆರಳುಗುರಿನಷ್ಟು ಗಡಿಗೆ ಕಟ್ಟತೊಡಗಿತ್ತು. ಗಡಿಗೆಗೆ ಒಂದು ಮೊಟ್ಟೆ, ಮರಿಯ ಊಟಕ್ಕೆ ಹಸಿರು ಹುಳ, ಮೇಲೆ ಮಣ್ಣಿನ ಮುಚ್ಚಳ. ಹೆಂಡತಿ ಅದಕ್ಕೆ ‘ಮೇಸ್ತ್ರಿಯಮ್ಮ’ ಎಂದು ಹೆಸರಿಟ್ಟಳು. ಮೇಸ್ತ್ರಿಯಮ್ಮ ಬಂದ ಮೇಲೆ ಅವಳು ರಾತ್ರಿ ನೋವಿನ ಮಾತ್ರೆ ಕೇಳುವುದನ್ನು ಬಿಟ್ಟಿದ್ದಳು.

“ನಿನ್ನ ಭಾವನ ಕಿವಿಗೆ ಮಾತ್ರ ಬೀಳ್ಬಾರ್ದು ಕಣೇ” ಎಂದು ತಂಗಿಗೆ ತಾಕೀತು ಮಾಡಿದ್ದಳು.

ತಂಗಿಯ ಹೊಟ್ಟೆಯಲ್ಲಿ ಅನ್ನ ನಿಂತೀತು, ಮಾತು ನಿಲ್ಲದು. ಅಕ್ಕನಿಗೆ ಮೈ ಒರೆಸಿ ಬರುವಾಗ ಭಾವನನ್ನು ಚುಚ್ಚದಿದ್ದರೆ ಅವಳಿಗೂ ಸಮಾಧಾನವಿಲ್ಲ. “ಸಣ್ಣ ಅದ್ಭುತ, ಸಣ್ಣ ಅದ್ಭುತ ಅಂತ ಊರೆಲ್ಲಾ ಸುತ್ತುತೀರಲ್ಲ ಭಾವ, ನಿಮ್ಮ ಹೆಂಡ್ತಿ ಕಿಟಕಿ ಒಂದ್ಸಲ ನೋಡಿದೀರಾ? ಕಡಜ ಐದನೇ ಗಡಿಗೆ ಕಟ್ತಾ ಇದೆ!”

ಎರಡು ತಿಂಗಳಲ್ಲಿ ಅವನು ಆ ಕೋಣೆಗೆ ಅಷ್ಟು ಬೇಗ ಬಂದದ್ದು ಅದೇ ಮೊದಲು.

“ಐದನೇದು ಇನ್ನೂ ಬಾಯಿ ತೆರ್ದಿದೆ ರೀ,” ಹೆಂಡತಿ ಅಂಗಲಾಚಿದಳು. “ಮುಚ್ಚೋವರೆಗೂ ಬಿಟ್ಬಿಡಿ. ಇನ್ನೆರಡು ದಿನ.”

“ನಾನೇನು ಅದನ್ನ ತಿಂತೀನಾ? ಐದೇ ನಿಮಿಷ ತಣ್ಣಗಾಗ್ಲಿ. ಆಮೇಲೆ ಅದರ ಪಾಡಿಗೆ ಅದು.”

“ಆಣೆ ಮಾಡಿ.”

“ನಿನ್ನಾಣೆ.”

“ನನ್ನಾಣೆ ಬೇಡ. ಕ್ಯಾಮೆರಾ ಮೇಲೆ ಮಾಡಿ.”

ಮಾಡಿದ. ಕಡಜವನ್ನು ಡಬ್ಬಿಯಲ್ಲಿ ಹಿಡಿದು ಫ್ರೀಜರಿಗಿಟ್ಟ. ಅಷ್ಟರಲ್ಲಿ ಫೋನು ಬಂತು. ಫೋಟೊ ಸಂಘದ ಅಧ್ಯಕ್ಷರು, ಮಾಜಿ ದಂತವೈದ್ಯರು. ವಾರ್ಷಿಕ ಸಭೆಯಲ್ಲಿ ‘ಪ್ರಕೃತಿ ಮತ್ತು ತಾಳ್ಮೆ’ ಕುರಿತು ಹತ್ತು ನಿಮಿಷ ಮಾತಾಡಬೇಕಂತೆ. ಎಂಟು ವರ್ಷದಿಂದ ಕಾದಿದ್ದ ಕರೆ. ಅವನು ಆ ಭಾಷಣವನ್ನು ಅಲ್ಲೇ, ಆಗಲೇ, ಅವರ ಕಿವಿಗೇ ಶುರುಮಾಡಿದ.

“ರೀ, ಐದು ನಿಮಿಷ ಆಯ್ತು!”

“ಸಣ್ಣ ಜೀವದ ಉಸಿರಿಗೆ ನಮ್ಮ ಉಸಿರು ಹೊಂದಿಸ್ಕೋಬೇಕು ಸಾರ್…”

“ರೀ, ಕಾಲು ಗಂಟೆ!”

ಅವನು ಫೋನಿಗೆ ಅಂಗೈ ಮುಚ್ಚಿದ. “ದೊಡ್ಡವರ ಹತ್ರ ಮಾತಾಡ್ತಾ ಇದೀನಿ, ಸುಮ್ನಿರೇ!”

ತಂಗಿ ಮನೆಗೆ ಹೋಗಿಯಾಗಿತ್ತು. ಹೆಂಡತಿ ಮಂಚದ ಸರಳು ಹಿಡಿದು ಏಳಲು ನೋಡಿದಳು. ಅರ್ಧ ಎದ್ದವಳು ನೋವಿಗೆ ತುಟಿ ಕಚ್ಚಿ ಹಿಂದಕ್ಕೆ ಬಿದ್ದಳು. ಆಚೆಯಿಂದ ಅಧ್ಯಕ್ಷರ “ವಾಹ್, ವಾಹ್” ಅವಳಿಗೂ ಕೇಳಿಸುತ್ತಿತ್ತು.

ಡಬ್ಬಿ ತೆರೆದಾಗ ಮುಕ್ಕಾಲು ಗಂಟೆಯಾಗಿತ್ತು. ಕಡಜ ಕಾಲು ಮಡಚಿ ಮಲಗಿತ್ತು. ನಿಂತುಹೋದ ಗಡಿಯಾರವನ್ನು ನೋಡುವಂತೆ ಚಿಮಟದಿಂದ ಮಗುಚಿ ನೋಡಿದ. ಆಗ ಅವನ ಕಣ್ಣಿಗೆ ಬಿದ್ದದ್ದು ರೆಕ್ಕೆಯ ಮೇಲಿನ ಹಿಮದ ಕಣಗಳು. ಗ್ಲಿಸರಿನ್ನಿನಲ್ಲಿ ಇಂಥ ಹೊಳಪು ಎಂದೂ ಬಂದಿರಲಿಲ್ಲ! ಅದು ಕರಗುವ ಮುಂಚೆ ಒಂದು ತೊಟ್ಟು ಅಂಟು ಹಾಕಿ ಐದನೇ ಗಡಿಗೆಯ ಬಾಯಿಯಲ್ಲಿ ಕೂರಿಸಿ, ಮಂಚಕ್ಕೆ ಮೊಣಕೈ ಊರಿ ಕ್ಯಾಮೆರಾ ಹಿಡಿದ.

“ಅಳ್ಬೇಡ್ವೇ,” ಎಂದ, “ಮಂಚ ಅಲುಗಾಡುತ್ತೆ.”

ಎರಡು ದಿನ ಬಿಟ್ಟು ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಆ ಫೋಟೊಗೆ ಮೊದಲ ಬಹುಮಾನ ಬಂತು. ಅಡಿಬರಹ: ‘ಮನೆಗೆ ಮರಳಿದ ತಾಯಿ.’ ಆ ಕಣ್ಣುಗಳಲ್ಲಿ ಜೀವ ತುಳುಕುತ್ತಿದೆ ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಅದೇ ಹೊತ್ತಿಗೆ ಇಲ್ಲಿ ಇರುವೆಗಳು ಸಾಲುಗಟ್ಟಿ ಬಂದು ತೆರೆದ ಗಡಿಗೆಯಿಂದ ಮೊದಲು ಮೊಟ್ಟೆಯನ್ನು, ಆಮೇಲೆ ಹುಳಗಳನ್ನು ಹೊತ್ತೊಯ್ಯುತ್ತಿದ್ದವು. ಹೆಂಡತಿ ಎಲ್ಲವನ್ನೂ ನೋಡಿದಳು. ಆಮೇಲೆ ತಂಗಿಯನ್ನು ಕರೆದು, “ಮಂಚ ತಿರುಗಿಸ್ಬಿಡೇ. ಗೋಡೆ ಸಾಕು ನಂಗೆ” ಎಂದಳು. ತಂಗಿ ಈ ಸಲ ಯಾರಿಗೂ ಏನೂ ಹೇಳಲಿಲ್ಲ.

ಪದಕ ಹಾಕಿಕೊಂಡೇ ಮನೆಗೆ ಬಂದ ಸೇವಕನಿಗೆ ಬರಿಗೋಡೆ ನೋಡುತ್ತ ಮಲಗಿದ ಹೆಂಡತಿ ಕಂಡಳು. ಅವನ ಎದೆ ತುಂಬಿ ಬಂತು. ಫೋಟೊ ಇಲ್ಲಿ ಹಾಕಿ ಎಂದು ಬಾಯಿಬಿಟ್ಟು ಕೇಳದಿದ್ದರೂ ಎಂಥ ಸೂಕ್ಷ್ಮ ಇವಳದು! ಆಗಿಂದಾಗಲೇ ಸುತ್ತಿಗೆ ತಂದು ಮೊಳೆ ಹೊಡೆದು, ಎರಡಡಿ ಉದ್ದದ ಕಡಜವನ್ನು ಚೌಕಟ್ಟು ಸಮೇತ ಸರಿಯಾಗಿ ಅವಳ ಕಣ್ಣಿನ ನೇರಕ್ಕೆ ನೇತುಹಾಕಿದ.

“ಕಾಣುತ್ತಾ? ಇನ್ನೂ ಸ್ವಲ್ಪ ಕೆಳಗೆ ಮಾಡ್ಲಾ?”

ಮಗ್ಗುಲು ತಿರುಗಲು ಡಾಕ್ಟರು ಅವಳಿಗೆ ಇನ್ನೂ ಆರು ವಾರ ಅನುಮತಿ ಕೊಟ್ಟಿರಲಿಲ್ಲ.