ಚೀಲದಲ್ಲಿ ಅತ್ತ ಕೂಸು

ಇವತ್ತು ಸೊಲ್ಲಾಪುರದ ನವಿ ಪೇಠದಲ್ಲಿ ಹೊಸ ಕಂಬಳಿಯ ಉಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ಕರಜಗಿಯ ನಮ್ಮ ಅಜ್ಜಿ ಕಣ್ಮುಂದೆ ಬಂದಳು.

ನಾನಾಗ ಸಣ್ಣ ಹುಡುಗಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಹಬ್ಬಿತ್ತು. ಒಂದು ಮಧ್ಯಾಹ್ನ ಕಂಬಳಿ ಮಾರುವವನೊಬ್ಬನನ್ನು ಊರವರು ಬೇವಿನ ಮರಕ್ಕೆ ಕಟ್ಟಿಹಾಕಿದರು. ಅವನ ಚೀಲದಲ್ಲಿ ಕೂಸು ಅತ್ತಿತಂತೆ! ಹಲವರ ಕೈಯಲ್ಲಿ ಬಡಿಗೆಗಳಿದ್ದವು. ಚೀಲ ಬಿಚ್ಚಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಅಜ್ಜಿ ಗುಂಪಿನೊಳಗೆ ನುಗ್ಗಿದಳು. “ಕೂಸಿನ್ನ ಕಣ್ಣಿಲೆ ಯಾರ್ ನೋಡೀರಿ?”

“ಎಲ್ಲಾರೂ ಹೇಳಾಕತ್ತಾರ್ರಿ, ಕಾಕು,” ಎಂದ ಒಬ್ಬ.

“ಹೇಳೋದು ಬ್ಯಾರೆ, ನೋಡೋದು ಬ್ಯಾರೆ. ಬಾಜೂಕ ಸರೀರಿ!”

ಚೀಲದ ಬಾಯಿ ಬಿಚ್ಚಿದಳು. ಆಡಿನ ಮರಿಯೊಂದು ತಲೆ ಹೊರಹಾಕಿ ಥೇಟ್ ಕೂಸಿನಂತೆ ಅತ್ತಿತು.

“ಮಗಳ ಸಲುವಾಗಿ ಚಪಳಗಾಂವದಾಗ ತಗೊಂಡೀನ್ರೀ, ಆಯಿ,” ಎಂದು ಆ ಮನುಷ್ಯ ಬಿಕ್ಕಿದ.

ಬಡಿಗೆಗಳು ಕೆಳಗಿಳಿದವು. ಕಟ್ಟಿದವರ ಕೈಯಿಂದಲೇ ಅಜ್ಜಿ ಹಗ್ಗ ಬಿಚ್ಚಿಸಿದಳು. ಅವನನ್ನು ನಮ್ಮ ಕಟ್ಟೆಯ ಮೇಲೆ ಕೂರಿಸಿ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಬಡಿಸಿದಳು. ಸಂಜೆ ಅವನನ್ನು ಎಸ್‌ಟಿ ಬಸ್ಸಿಗೆ ಹತ್ತಿಸಲು ಅದೇ ಜನ ಬಂದರು. ಎಲ್ಲರ ಮುಂದೆ ಅಜ್ಜಿ, ಅವಳ ಬೆರಳು ಹಿಡಿದು ನಾನು.

ಇದನ್ನು ಬರೆಯುವಾಗಲೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೇನೆ. ನಾನು ಅವಳ ಮೊಮ್ಮಗಳು.