ಮ್ಯಾಂಗೋ ಅನ್ನೋ ಕಾಯಿ

ಮಾವಿನ ಪೆಟ್ಟಿಗೆಗಳಿಗೆ ಅಂಟಿಸುವ ಇಂಗ್ಲಿಷ್ ಚೀಟಿ ಬರೆದುಕೊಡಲು ಶ್ರೀನಿವಾಸಪುರದ ಮಂಡಿಗೆ ಹೋಗಿದ್ದೆ. ‘ಮ್ಯಾಂಗೋ’ ಎಲ್ಲಿಂದ ಬಂದ ಪದ ಅಂತ ಮೊಬೈಲಿನಲ್ಲಿ ನಿಘಂಟು ತೆಗೆದರೆ ಮೈ ಜುಮ್ಮೆಂದಿತು. ತಮಿಳು, ಮಲಯಾಳಂ ಕಡೆಯ ‘ಮಾಂಗಾಯ್’, ಅಂದರೆ ಮಾವಿನಕಾಯಿ, ಪೋರ್ಚುಗೀಸರ ಹಡಗು ಹತ್ತಿ ಇಂಗ್ಲಿಷಿಗೆ ಹೋಗಿತ್ತು.

ತಡೆಯಲಾಗಲಿಲ್ಲ. ರಾಶಿಯ ಮುಂದೆ ಕೂತು ಕಾಯಿ ಆರಿಸುತ್ತಿದ್ದ ಮುನಿಯಮ್ಮನವರ ಹತ್ತಿರ ಓಡಿದೆ.

“ಅಮ್ಮ, ಇಂಗ್ಲಿಷಿನವರು ಇಷ್ಟು ಕಾಲದಿಂದ ಹಣ್ಣನ್ನ ಕಾಯಿ ಅಂತಾನೇ ಕರೀತಿದ್ದಾರೆ” ಅಂದೆ.

ಅವರು ಕೈ ನಿಲ್ಲಿಸಲಿಲ್ಲ. “ಇನ್ನೇನಂತಾರೆ ಸಾರ್? ನಾವು ಯಾವತ್ತು ಹಣ್ಣು ಕಳಿಸಿದ್ದೀವಿ? ಇಲ್ಲಿಂದ ಕಾಯೇ ಲಾರಿ ಹತ್ತೋದು. ಹಣ್ಣಾಗೋದೆಲ್ಲ ಹೋದ ಊರಲ್ಲಿ.”

ನಿಘಂಟು ಮುಚ್ಚಿದೆ. ಈ ಒಂದು ಪದಕ್ಕೆ ಅರ್ಧ ಪುಟ ಬರೆದ ನಿಘಂಟಿನ ಪಂಡಿತರು ಒಂದು ಸಲವೂ ಮಂಡಿಗೆ ಬಂದಿರಲಿಕ್ಕಿಲ್ಲ.